ಕರಿಧೂಳಿನ ಶರಣರು

ನಮ್ಮ ಯಜಮಾನರ ಪಂಚೆ ಒಗೆದ ನೀರನ್ನು ನಮ್ಮೂರಿನ ಎಮ್ಮೆ ಕೂಡ ಮೂಸುತ್ತಿರಲಿಲ್ಲ. ಕೆಸರು ಕಂಡರೆ ಮುಳುಗಿ ಕೂರುವ ಪ್ರಾಣಿ ಅದು. ನಾನು ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುವುದನ್ನು ಕಂಡರೆ ಮೂತಿ ತಿರುಗಿಸಿಕೊಂಡು ಆಚೆ ದಂಡೆಗೆ ಹೋಗಿಬಿಡುತ್ತಿತ್ತು. ಎಮ್ಮೆಗೆ ಇದ್ದ ಬುದ್ಧಿ ನಮ್ಮೂರಿನ ಹಿರಿಯರಿಗೆ, ಪಂಡಿತರಿಗೆ, ಗಿರಣಿಯ ರೈಟರಿಗೆ ಇರಲಿಲ್ಲ ಅಂದರೆ ಎಮ್ಮೆಯನ್ನು ಹೊಗಳಿದ ಹಾಗೇನೂ ಆಗುವುದಿಲ್ಲ. ಅದಕ್ಕೆ ಬುದ್ಧಿ ಬೇಕಾಗಿಯೇ ಇರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

ನಾನು ಸೊಸೆಯಾಗಿ ಬಂದ ಊರು ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ, ರೈಲು ಸ್ಟೇಷನ್ನಿಗೆ ಕೂಗಳತೆಯಲ್ಲಿ ಇದೆ. ಆ ಕಾಲದಲ್ಲಿ ಗುಡ್ಡದ ಕರಿಕಲ್ಲನ್ನು ಅಗೆದು, ಗಾಡಿಗಳಲ್ಲಿ ಹೊಡೆದು ತಂದು, ರೈಲಿಗೆ ತುಂಬಿ ಕಳಿಸುವುದು ಹೊಸದಾಗಿ ಶುರುವಾಗಿತ್ತು. ಕಾಗದದಲ್ಲಿ ಅದರ ಹೆಸರು ಮ್ಯಾಂಗನೀಸ್ ಅದಿರು. ನಮ್ಮ ಬಾಯಲ್ಲಿ ಬರೀ ಕರಿಕಲ್ಲು. ಕೆಲವು ವರ್ಷ ಕಲ್ಲು ಕಲ್ಲಾಗಿಯೇ ಹೋಯಿತು. ಆಮೇಲೆ ಕಂಪನಿಯ ದೊರೆಗೆ, ಇದನ್ನು ಹಿಟ್ಟು ಮಾಡಿ ಕಳಿಸಿದರೆ ಸೀಮೆಯ ಗಾಜಿನ ಕಾರ್ಖಾನೆಯವರು ಮೇಲೆಬಿದ್ದು ತಗೊಳ್ಳುತ್ತಾರೆ ಅಂತ ಹೊಳೆಯಿತಂತೆ. ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡು ಎದ್ದಿತು. ಉಗಿ ಇಂಜಿನ್ನು ಬಂತು. ರಾಗಿ ಬೀಸುವ ಹಾಗೆ ಕಲ್ಲು ಬೀಸುವ ಗಿರಣಿ ಕೂತಿತು.

ನಮ್ಮ ಯಜಮಾನರಿಗೆ ಅಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತು. ಗಿರಣಿಯ ಹಿಟ್ಟು ಜರಡಿಯಿಂದ ಇಳಿಯುವ ಬಾಯಿಯ ಎದುರಿಗೆ ನಿಂತು ಚೀಲ ತುಂಬಿಸಿ ಹೊಲಿಸುವುದು ಅವರ ಪಾಲಿನದು. ಶೆಡ್ಡಿನಲ್ಲಿ ಕಿಟಕಿ ಇರಲಿಲ್ಲ. ಕಿಟಕಿ ಇಟ್ಟರೆ ಹಿಟ್ಟು ಹಾರಿಹೋಗುತ್ತದಲ್ಲ, ಅದು ಕಂಪನಿಯ ಸ್ವತ್ತು. ಒಳಗೆ ನಿಂತವರ ಮೂಗಿನೊಳಕ್ಕೆ ಹೋದದ್ದನ್ನು ಮಾತ್ರ ಕಂಪನಿ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿತ್ತು.

ನಮ್ಮತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. "ಓಣಿಯ ಗಂಡಸರೆಲ್ಲ ಬಿಸಿಲಲ್ಲಿ ಬೇಯ್ತಾರೆ, ನನ್ನ ಮಗ ನೆಳ್ಳಾಗೆ ನಿಂತು ದುಡೀತಾನೆ" ಅಂತ ನೀರಿಗೆ ಬಂದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಅತ್ತೆಯ ನಾಲಗೆ ಬಲು ಹರಿತ. ಹೊಗಳಿದರೂ ಎದುರಿನವರಿಗೆ ಚೂರು ಗೀರುತ್ತಿತ್ತು.

ಯಜಮಾನರು ಸಂಜೆ ಮನೆಗೆ ಬಂದರೆ ಹಲ್ಲು ಮತ್ತು ಕಣ್ಣಿನ ಬಿಳಿ ಬಿಟ್ಟು ಬೇರೆ ಬಣ್ಣ ಕಾಣುತ್ತಿರಲಿಲ್ಲ. ಜಗಲಿಯ ಕೆಳಗೇ ನಿಲ್ಲಿಸಿ ಎರಡು ಕೊಡ ಬಿಸಿನೀರು ಹಾಕಿ, ಸೀಗೆಪುಡಿ ಉಜ್ಜಿ, ಆಮೇಲೆ ಒಳಕ್ಕೆ ಕರೆದುಕೊಳ್ಳುತ್ತಿದ್ದೆ. ಪಂಚೆಗೆ ಸವಳು ಮಣ್ಣು ಹಾಕಿ ನೆನೆಸಿದರೂ ಮಾಸಲು ಹೋಗದು. ಮಡಿವಾಳರವಳು ಒಂದು ಸಲ ಒಗೆದು ತಂದವಳು, "ಅವ್ವಾ, ನಿಮ್ಮ ಮನೆ ಬಟ್ಟೆ ಒಗುದ್ರೆ ಉಳಿದೋರ ಬಟ್ಟೆ ನಿಮ್ಮದಾಗ್ತಾವೆ, ನೀವೇ ಒಕ್ಕಳ್ರಿ" ಅಂತ ಗಂಟು ಬಾಗಿಲಲ್ಲಿ ಇಟ್ಟು ಹೋದಳು.

ಅತ್ತೆ ಆ ಧೂಳನ್ನೂ ಹಾಳು ಮಾಡಲಿಲ್ಲ. ಯಜಮಾನರ ಸೊಂಟದ ಮಡಿಕೆಯಲ್ಲಿ, ರುಮಾಲಿನ ಸುರುಳಿಯಲ್ಲಿ ಉಳಿದದ್ದನ್ನು ಕೊಡವಿ ಕುಡಿಕೆಯಲ್ಲಿ ತುಂಬಿಡುತ್ತಿದ್ದರು. ಸಗಣಿಗೆ ಬೆರೆಸಿ ಒಲೆ ಸಾರಿಸಿದರೆ ಒಲೆ ಕನ್ನಡಿಯ ಹಾಗೆ ಮಿಂಚುತ್ತದೆ ಅಂತ ಪತ್ತೆ ಮಾಡಿದ್ದೂ ಅವರೇ. ಶಾಲೆಯ ಮೇಷ್ಟ್ರು ಕರಿಹಲಗೆಗೆ ಬಳಿಯೋಕೆ ಒಂದು ಕುಡಿಕೆ ಒಯ್ದರು. ಅರ್ಧ ಓಣಿ ಅದಕ್ಕೆ ಉಪ್ಪು ಬೆರೆಸಿ ಹಲ್ಲುಜ್ಜಿತು. ಬೇರೆ ಊರಿನ ಜನ ಕಂಪನಿಯ ಮಾಲು ಕದ್ದು ಮಾರಿಕೊಂಡರಂತೆ. ನಮ್ಮವರು ಕದ್ದದ್ದನ್ನು ಬಾಯಿಗೆ ಹಾಕಿಕೊಂಡರು.

ಇದಕ್ಕೆ ಮುದ್ರೆ ಒತ್ತಿದವರು ಹೊಳಲ್ಕೆರೆ ಸಂತೆಯ ದಿನ ನಮ್ಮೂರ ಮೇಲೆ ಹಾದುಹೋಗುತ್ತಿದ್ದ ಒಬ್ಬ ನಾಟಿ ಪಂಡಿತರು. ಜೋಗಿಮಟ್ಟಿ ಕಾಡಿನ ಬೇರು ಅಂತ ಹೇಳಿ ನಮ್ಮ ಹಿತ್ತಲಿನ ಉತ್ತರಾಣಿಯನ್ನೇ ನಮಗೆ ಕೊಡುವಂಥ ಕೈ ಅವರದು. ಜಗಲಿಯ ಮೇಲೆ ಕೂತು ಧೂಳನ್ನು ಅಂಗೈಗೆ ಹಾಕಿಕೊಂಡು, ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿದರು.

"ಅಮ್ಮಾ, ಇದು ಲೋಹ. ಲೋಹದ ಭಸ್ಮ ಮಾಡೋಕೆ ನಾವು ಪುಟ ಇಟ್ಟು, ಅರೆದು, ಮತ್ತೆ ಪುಟ ಇಟ್ಟು ಸಾಯ್ತೀವಿ. ದುರ್ಗದಾಗೆ ದೊಡ್ಡ ದೊಡ್ಡೋರು ಅದನ್ನ ಬೇಡಿ ತಗೊಂಡು ಹೋಗ್ತಾರೆ. ನಿಮ್ಮ ಮಗನಿಗೆ ಕುಂತಲ್ಲೇ ಮೂಗಿಗೆ ಬರ್ತೈತೆ. ಕಬ್ಬಿಣದಂಥ ಮೈ ಆಗ್ತೈತೆ ನೋಡ್ತಿರ್ರಿ."

ಕಬ್ಬಿಣದಂಥ ಮೈ ಆಗಿಯೇ ಆಯಿತು. ಅಷ್ಟು ಮಟ್ಟಿಗೆ ಪಂಡಿತರ ಮಾತು ಸುಳ್ಳಾಗಲಿಲ್ಲ.

ಮೊದಲು ಬಂದದ್ದು ನಿದ್ದೆ. ಉಣ್ಣುತ್ತ ಉಣ್ಣುತ್ತ ಮುದ್ದೆ ಮುರಿದ ಕೈ ಸಾರಿನಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ದನಿ ಇಳಿಯಿತು. ಹೊಲದ ಆ ಬದುವಿನಿಂದ ಈ ಬದುವಿಗೆ ಎತ್ತು ಕೂಗುತ್ತಿದ್ದ ಮನುಷ್ಯ ಬಾವಿಯೊಳಗಿನಿಂದ ಮಾತಾಡುವ ಹಾಗೆ ಮಾತಾಡತೊಡಗಿದರು. ಮುಖದ ಮೇಲೆ ಏನೂ ಬರೆಯದ ಹಲಗೆಯ ಹಾಗೆ ಒಂದು ಸಪಾಟು ಕೂತಿತು. ಸಿಟ್ಟು ಬಂದರೂ ಅದೇ ಮುಖ, ಹಸಿವಾದರೂ ಅದೇ ಮುಖ. ನಡುನಡುವೆ ಏನೂ ಇಲ್ಲದೆ ನಗು ಉಕ್ಕುತ್ತಿತ್ತು. ಮುಖ ನಗುತ್ತಿರಲಿಲ್ಲ, ಎದೆಯೊಳಗಿಂದ ನಗೆಯ ಸದ್ದು ಮಾತ್ರ ಹೊರಕ್ಕೆ ಬರುತ್ತಿತ್ತು. "ಯಾಕೆ ನಗ್ತೀರಿ?" ಅಂದರೆ, "ನಾನೆಲ್ಲಿ ನಗ್ತೀನಿ, ಅದೇ ಬರ್ತೈತೆ" ಅನ್ನುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ನಡಿಗೆ. ಹಿಮ್ಮಡಿ ನೆಲಕ್ಕೆ ಊರದೆ, ಕಾಲ್ಬೆರಳ ಮೇಲೆ, ಎದೆ ಮುಂದು ಮಾಡಿಕೊಂಡು, ತಿಪ್ಪೆಯ ಮೇಲಿನ ಹುಂಜ ನಡೆಯುವ ಹಾಗೆ ನಡೆಯತೊಡಗಿದರು. ಇಳಿಜಾರು ಸಿಕ್ಕರೆ ನಿಲ್ಲಲು ಆಗದೆ ಓಡಿಬಿಡುವರು. ಯಾರಾದರೂ ಎದೆ ಕೊಟ್ಟು ಹಿಡಿಯಬೇಕು, ಇಲ್ಲವೇ ಗೋಡೆ ಹಿಡಿಯಬೇಕು.

ನನ್ನ ಕಣ್ಣು ಮಾತ್ರ ಅವರ ಎಡಗೈಯ ಮೇಲೆ ಇರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗ ಒಂದೇ ಸಮನೆ ನಡುಗುತ್ತಿತ್ತು. ಬಿಲ್ವಪತ್ರೆ ತಾನೇ ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಇವತ್ತು ಪತ್ರೆ ಬಿತ್ತು, ನಾಳೆ ಲಿಂಗವೇ ಬಿದ್ದರೆ? ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ. ಅವರಿಗೂ ಅದೇ ಭಯ. ಮುಖ ಹೇಳದಿದ್ದರೂ ಕುತ್ತಿಗೆಯ ನರ ಹೇಳುತ್ತಿತ್ತು. ಆವತ್ತಿನಿಂದ ನನಗೆ ಬೇಕಾದದ್ದು ಒಂದೇ ಒಂದು: ಆ ಕೈ ಪೂರಾ ಹೋಗುವ ಮುಂಚೆ ಇವರು ಆ ಶೆಡ್ಡಿನಿಂದ ಹೊರಕ್ಕೆ ಬರಬೇಕು.

"ಅತ್ತೆ, ಇದು ಆ ಧೂಳಿನದ್ದೇ" ಅಂದೆ.

"ಧೂಳಿನಾಗೆ ಹುಟ್ಟಿ ಧೂಳಿನಾಗೆ ಬೆಳೆದೋರು ಕಣೇ ನಾವು. ಧೂಳಿಂದ ಯಾರಿಗೆ ಏನಾಗೈತೆ? ನಿನ್ನ ತವರು ಹಿರಿಯೂರಾಗೆ ಧೂಳು ಇಲ್ವಾ?" ಅಂದರು.

ಸ್ಟೇಷನ್ನಿಗೆ ಆಳು ಕಳಿಸಿ ಗಿರಣಿಯ ಲೆಕ್ಕ ಬರೆಯುವ ರೈಟರಿಗೂ ಹೇಳಿಸಿದೆ. ಆತ ಮೂಗಿಗೆ ಅತ್ತರು ಹಚ್ಚಿದ ವಲ್ಲಿ ಕಟ್ಟಿಕೊಂಡೇ, "ಶೆಡ್ಡಿನಾಗೆ ಏನೂ ದೋಷ ಇಲ್ಲ" ಅಂತ ಹೇಳಿ ಕಳಿಸಿದನಂತೆ. ಆತನ ಮೇಜು ಶೆಡ್ಡಿನ ಹೊರಗೆ ಹೊಂಗೆಮರದ ಕೆಳಗೆ. ದೊರೆಯೋ, ಬಂದ ದಿನ ಮೊದಲು ಗಾಳಿ ಯಾವ ಕಡೆ ಬೀಸುತ್ತದೆ ಅಂತ ನೋಡಿ ಆಮೇಲೆ ಕುರ್ಚಿ ಹಾಕಿಸಿಕೊಳ್ಳುತ್ತಿದ್ದ. ದೋಷ ಇಲ್ಲದ ಧೂಳಿಗೆ ಇಷ್ಟು ಮರ್ಯಾದೆ!

ಪಂಡಿತರು ಮತ್ತೆ ಬಂದರು. ನಾಡಿ ಹಿಡಿದು, ಕಣ್ಣು ಮುಚ್ಚಿ, "ಲೋಹ ಸಾಲದು" ಅಂದರು. ನಮ್ಮ ಕುಡಿಕೆಯ ಕರಿಪುಡಿಯನ್ನೇ ಇಸಿದುಕೊಂಡು ಪೊಟ್ಟಣ ಕಟ್ಟಿ, ಒಂದು ಕುಡಿಕೆ ಜೇನಿನ ಜೊತೆ ನಮಗೇ ಕೊಟ್ಟು, ಕಲಸಿ ಬೆಳಿಗ್ಗೆ ಸಂಜೆ ನೆಕ್ಕಿಸಬೇಕು ಅಂತ ಪಥ್ಯ ಹೇಳಿದರು. ನಾನು ಪುಡಿಯನ್ನು ಅತ್ತೆಗೆ ಕಾಣದ ಹಾಗೆ ತಿಪ್ಪೆಗೆ ಹಾಕಿ ಬರೀ ಜೇನು ನೆಕ್ಕಿಸಿದೆ. ಮುಂದಿನ ಸಂತೆಯ ದಿನ ಬಂದು ನಾಲಗೆ ನೋಡಿದವರು, "ನೋಡಿದ್ರಾ, ಹಿಡೀತು" ಅಂದರು. ಜೇನು ಅವರದೇ. ಅಷ್ಟು ಪುಣ್ಯ ಅವರಿಗೂ ಸೇರಲಿ.

ಸ್ಟೇಷನ್ನಿನಿಂದ ಊರಿಗೆ ಬರುವ ದಾರಿಯಲ್ಲಿ ಈಚಲುಮರದ ತೋಪು ಇದೆ, ತೋಪಿನ ಮಗ್ಗುಲಿಗೆ ಹೆಂಡದ ಅಂಗಡಿ. ಆ ದಾರಿಯಲ್ಲಿ ಸಂಜೆಹೊತ್ತು ಒಬ್ಬ ಮನುಷ್ಯ ತೂರಾಡಿಕೊಂಡು, ತನ್ನಷ್ಟಕ್ಕೆ ನಕ್ಕುಕೊಂಡು, ತೊದಲಿಕೊಂಡು ಬಂದರೆ ಊರಿನವರು ಏನು ಅನ್ನಬೇಕು? ಅಂದರು. ಲಿಂಗ ಕಟ್ಟಿದವನು ಕುಡಿಯುತ್ತಾನೆ ಅಂತ ಮೊದಲು ನೀರಿನ ಹತ್ತಿರ, ಆಮೇಲೆ ಬೀಸುಕಲ್ಲಿನ ಹತ್ತಿರ, ಕೊನೆಗೆ ಗೌಡರ ಜಗಲಿಯ ಮೇಲೆ ಮಾತಾಯಿತು. ಸೋಮವಾರ ಈಶ್ವರನ ಗುಡಿಗೆ ಬಂದು ಹಿರಿಯರ ಮುಂದೆ ಹೇಳಿಕೆ ಕೊಡಬೇಕು ಅಂತ ಹೇಳಿಕಳಿಸಿದರು.

ನಮ್ಮೂರಲ್ಲಿ ಆಣೆ ಮಾಡುವುದಕ್ಕೆ ಒಂದು ಪದ್ಧತಿ ಇತ್ತು. ಆಪಾದನೆ ಬಂದವನು ಲಿಂಗವನ್ನು ಎಡಗೈ ಮೇಲೆ ಇಟ್ಟುಕೊಂಡು, ಕೈ ಮುಂದೆ ಚಾಚಿ ನಿಲ್ಲಬೇಕು. ಮಠದ ಐನೋರು ಮಂತ್ರ ಹೇಳಿ ಮುಗಿಸುವ ತನಕ ಕೈ ಅಲುಗದಿದ್ದರೆ ನಿಜ, ಅಲುಗಿದರೆ ಸುಳ್ಳು. ಎಷ್ಟೋ ಕಳ್ಳರು ಆ ಗುಡಿಯಲ್ಲಿ ಕಂಬದ ಹಾಗೇ ನಿಂತು ಸಾಚಾಗಳಾಗಿ ಮನೆಗೆ ಹೋಗಿದ್ದಾರೆ. ಕಳ್ಳತನಕ್ಕೆ ಗಟ್ಟಿ ಕೈ ಬೇಕಲ್ಲ.

ಹೆಂಗಸರು ನಾವು ಕಂಬದ ಹಿಂದೆ. ಯಜಮಾನರು ಕಾಲ್ಬೆರಳ ಮೇಲೆ ನಡೆದುಬಂದು ನಡುವೆ ನಿಂತರು.

"ಏನಪ್ಪ, ಕುಡೀತೀಯಂತೆ?" ಅಂದರು ಗೌಡರು.

"ಇಲ್ಲ."

"ಜೋರಾಗಿ ಹೇಳು."

"ಇದೇ ಜೋರು" ಅಂದರು. ಅಂದವರಿಗೆ ಅದೇ ಹೊತ್ತಿಗೆ ನಗು ಬಂತು. ಗುಡಿಯ ತುಂಬ ಆ ನಗು. ನಿಲ್ಲುವುದೇ ಇಲ್ಲ.

"ನೋಡ್ರಿ, ದೇವರ ಮುಂದೇ ಏರಿಸ್ಕಂಡು ಬಂದವ್ನೆ" ಅಂದರು ಎಣ್ಣೆ ಗಾಣದ ಶೆಟ್ಟರು.

ಕೈ ಚಾಚಿಸಿದರು. ಐನೋರು ಮಂತ್ರ ಶುರು ಮಾಡಿದರು. ಅಂಗೈ ಮೇಲೆ ಲಿಂಗ ನಡುಗತೊಡಗಿತು. ಬಳ್ಳಿಯ ಮೇಲಿನ ಹನಿಯ ಹಾಗೆ ಈಗ ಬಿತ್ತು ಆಗ ಬಿತ್ತು ಅನ್ನುವಂತೆ. ನಾನು ಸೆರಗನ್ನು ಹಲ್ಲಲ್ಲಿ ಕಚ್ಚಿದೆ. ಐನೋರಿಗೋ ಆವತ್ತೇ ಎಲ್ಲ ಶ್ಲೋಕ ನೆನಪಾಗಬೇಕೆ!

"ಅಲುಗ್ತು, ಅಲುಗ್ತು" ಅಂತ ಯಾರೋ ಕೂಗಿದರು.

ಆಗ ಅತ್ತೆ ಕಂಬ ಬಿಟ್ಟು ಮುಂದಕ್ಕೆ ಬಂದರು. ಹೆಂಗಸು ಕಂಬ ದಾಟಿ ಹಿರಿಯರ ಮುಂದೆ ನಿಂತದ್ದು ಅದೇ ಮೊದಲು.

"ಐನೋರೇ, ಸಾಕು ನಿಲ್ಲಿಸ್ರಿ. ಗೌಡ್ರೇ, ಕೈ ನೋಡೋದು ಯಾಕೆ, ಅಂಗಡಿಯೋನನ್ನೇ ಕರೆಸ್ರಿ. ನನ್ನ ಮಗ ಬರ್ತಾನೋ ಇಲ್ವೋ ಅವ್ನೇ ಹೇಳ್ಲಿ. ಹಂಗೇ ಲಿಂಗ ಕಟ್ಟಿದೋರು ಇನ್ನೂ ಯಾರ್ಯಾರು ಹಿತ್ತಲ ಬಾಗಿಲಿಂದ ಬರ್ತಾರೆ ಅಂತಾನೂ ಹೇಳ್ಲಿ. ನಾವೆಲ್ಲ ಕುಂತು ಕೇಳಾಣ."

ಶೆಟ್ಟರಿಗೆ ಇದ್ದಕ್ಕಿದ್ದಂತೆ ಗಾಣದ ಎತ್ತು ನೆನಪಾಯಿತು. ಇನ್ನಿಬ್ಬರು ನೆಲದ ಮೇಲೆ ಏನೋ ಹುಡುಕತೊಡಗಿದರು. ಗೌಡರು ಮೀಸೆ ಎಳೆದುಕೊಂಡು, ಅಂಗಡಿಯವನನ್ನು ಕರೆಸುವಷ್ಟು ದೊಡ್ಡ ವಿಷಯ ಅಲ್ಲ ಅಂದರು.

ಆದರೆ ಸಭೆ ಸೇರಿಸಿ ಏನೂ ತೀರ್ಮಾನ ಹೇಳದೆ ಏಳುವುದು ಹಿರಿಯರ ಮರ್ಯಾದೆಗೆ ಒಪ್ಪುತ್ತದೆಯೇ? ಕುಡಿದಿಲ್ಲ ಅಂತಾಯಿತು. ಕುಡಿಯದೆ ಇದ್ದವನು ಲಿಂಗ ಹಿಡಿದು ಯಾಕೆ ನಡುಗಿದ, ಯಾಕೆ ನಕ್ಕ? ಐನೋರು ಗಂಟಲು ಸರಿಮಾಡಿಕೊಂಡರು.

"ಲಿಂಗ ಕೈಗೆ ಬಂದ ಕೂಡ್ಲೇ ಮೈ ನಡುಗೋದು, ಆನಂದ ಉಕ್ಕೋದು... ಇದು ಶಿವನ ಒಲುಮೆ ಅಲ್ದೆ ಮತ್ತೇನು?"

"ಹೌದ್ಹೌದು" ಅಂದರು ಎಲ್ಲರೂ. ಎಲ್ಲರಿಗಿಂತ ಮೊದಲು ಹೌದು ಅಂದವರು ಶೆಟ್ಟರು. ಗುಡಿಗೆ ಹೋಗುವಾಗ ಕುಡುಕರಾಗಿದ್ದ ನಮ್ಮ ಯಜಮಾನರು ಬರುವಾಗ ಶರಣರಾಗಿ ಬಂದರು. ನಡಿಗೆ ಮಾತ್ರ ಅದೇ.

ಮರುದಿನದಿಂದ ನಮ್ಮ ಜಗಲಿ ಖಾಲಿ ಇರಲಿಲ್ಲ. ತೆಂಗಿನಕಾಯಿ, ಬಾಳೆಗೊನೆ, ಬೆಲ್ಲದ ಅಚ್ಚು. ಕಳೆದ ದನ ಸಿಗುತ್ತದೋ, ಹುಡುಗಿಗೆ ಗಂಡು ಕೂಡಿಬರುತ್ತದೋ ಅಂತ ಕೇಳುವುದು, ಅವರ ಮುಖ ನೋಡುತ್ತ ಕೂರುವುದು. ನಗು ಬಂದರೆ ಆಗುತ್ತದೆ ಅಂತ ಅರ್ಥ. ಬಾರದಿದ್ದರೆ ಬರುವ ತನಕ ಕಾಯುವುದು. ಹಿರಿಯೂರು ಕಡೆಯಿಂದ, ಮಾರಿಕಣಿವೆಯಿಂದ ಕೂಡ ಗಾಡಿ ಕಟ್ಟಿಕೊಂಡು ಬಂದರು. ಪಂಡಿತರೂ ಬಂದು, ಇದಕ್ಕೆಲ್ಲ ತಮ್ಮ ಔಷಧಿ ಕಾರಣ ಅಂತ ಮೂಲೆಯಲ್ಲಿ ಕೂತರು.

ಯಜಮಾನರು ಒಮ್ಮೆ ನನ್ನ ಕಿವಿಯ ಹತ್ತಿರ, "ಇವರಿಗೆಲ್ಲ ಹೋಗ್ರಿ ಅಂತ ಹೇಳೇ, ನನಗೆ ಮಲಗಬೇಕು" ಅಂದರು. ಶರಣರು ಮೆಲ್ಲಗೆ ಏನೋ ಅಂದದ್ದನ್ನು ಕಂಡ ಭಕ್ತರು, "ಏನಂದ್ರು, ಏನಂದ್ರು?" ಅಂತ ಮುಗಿಬಿದ್ದರು. "ಮನೆಗೆ ಹೋಗಿ ಅಂದ್ರು" ಅಂದೆ. "ಆಹಾ, ಎಲ್ಲರೂ ಒಂದು ದಿನ ಹೋಗೋ ಮನೆ!" ಅಂತ ಒಬ್ಬರು ಕಣ್ಣೊರೆಸಿಕೊಂಡರು. ಯಾರೂ ಎದ್ದು ಹೋಗಲಿಲ್ಲ.

ಒಂದು ಲಾಭ ಮಾತ್ರ ಆಯಿತು. ಶರಣರಾದ ಮೇಲೂ ಅವರು ಬೆಳಿಗ್ಗೆ ಗಿರಣಿಗೆ ಹೋಗುವುದು ತಪ್ಪಿರಲಿಲ್ಲ. ನಾನು ಒಂದು ದಿನ ಐನೋರು ಜಗಲಿಯಲ್ಲಿ ಇರುವ ಹೊತ್ತು ನೋಡಿ, ಮಜ್ಜಿಗೆ ಕೊಡುತ್ತ, "ಶರಣರು ದೊರೆಯ ಕೈಕೆಳಗೆ ಚೀಲ ಹೊಲಿಸ್ತಾರಾ ಐನೋರೇ? ನೋಡಿದೋರು ಮಠಕ್ಕೆ ಏನನ್ನಬೇಕು?" ಅಂದೆ. ಅಷ್ಟು ಸಾಕಾಯಿತು. ಆವತ್ತೇ ಐನೋರು, ಗೌಡರು ಇಬ್ಬರೂ ಸ್ಟೇಷನ್ನಿಗೆ ಹೋಗಿ ಶರಣರನ್ನು ಬಿಡಿಸಿಕೊಂಡು ಬಂದರು. ಕಾಯಿಲೆ ಅಂತ ಕೇಳಿದಾಗ ಒಬ್ಬರೂ ಎದ್ದು ಹೋಗಿರಲಿಲ್ಲ. ನಾನು ಒಲೆಯ ಮುಂದೆ ಕೂತು, ಇನ್ನು ಕೈ ಉಳಿಯುತ್ತದೆ ಅಂದುಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ನಮ್ಮೂರು ನಮ್ಮೂರು ಹೇಗಾಗುತ್ತಿತ್ತು? ಜರಡಿಯ ಬಾಯಿಯ ಎದುರಿಗೆ ಯಜಮಾನರು ನಿಲ್ಲುತ್ತಿದ್ದ ಜಾಗ ಈಗ "ಶರಣರು ನಿಂತ ಜಾಗ" ಆಯಿತು. ಅಲ್ಲೇ ಒಲುಮೆ ಇಳಿದದ್ದಂತೆ. ಮೊದಲು ಶೆಡ್ಡಿನ ಹೆಸರು ಹೇಳಿದರೆ ಕೆಮ್ಮುತ್ತಿದ್ದ ಗಂಡಸರು ಆ ಜಾಗಕ್ಕೆ ಒಬ್ಬರ ಮೇಲೊಬ್ಬರು ಬಿದ್ದರು. ರೈಟರಿಗೆ ಇದಕ್ಕಿಂತ ಬೇಕೆ? ಅಲ್ಲೊಂದು ಕುಂಕುಮದ ಬೊಟ್ಟು ಇಡಿಸಿದ. ಮೂಗಿನ ವಲ್ಲಿ ಮಾತ್ರ ಬಿಚ್ಚಲಿಲ್ಲ.

ಆ ಜಾಗಕ್ಕೆ ನೇಮಕ ಆದವನು ಯಾರು? ನಮ್ಮ ಮೈದುನನೇ. ಯಜಮಾನರ ತಮ್ಮ, ಎತ್ತಿನಂಥ ಆಳು, ಹೊಲದ ಕೆಲಸದಲ್ಲಿ ಎತ್ತಿದ ಕೈ. ಹೊಸ ರುಮಾಲು ತಂದು ಗೂಟಕ್ಕೆ ಸಿಕ್ಕಿಸಿದ್ದ.

"ಬ್ಯಾಡಪ್ಪಾ. ನಿಮ್ಮಣ್ಣನ ಕಂಡೂ ಹೋಗ್ತೀಯಾ?" ಅಂದೆ.

"ಕಂಡೇ ಹೋಗೋದು ಅತ್ತಿಗೆ. ಅಣ್ಣ ಕುಂತಲ್ಲಿಗೆ ಊರೇ ಬಂದು ಕಾಲು ಮುಟ್ತೈತೆ. ನಾನು ಜಲ್ಮ ಎಲ್ಲ ಉತ್ರೂ ನನ್ನ ಕಾಲು ಯಾರು ಮುಟ್ತಾರೆ, ಕೆರೆ ಜಿಗಣೇನೇ" ಅಂದ.

ಅತ್ತೆ ಆ ಮಾತಿಗೆ ಮುಸಿಮುಸಿ ನಕ್ಕರು. ಒಂದೇ ಮನೆಯಲ್ಲಿ ಇಬ್ಬರು ಶರಣರು ಅಂದರೆ ಬೇಡ ಅನ್ನುವ ತಾಯಿ ಯಾರು?

ಅದೇ ವಾರ ಒಬ್ಬ ಹೆಂಗಸು ಬಂದಳು. ಗುಡ್ಡದ ಆಚೆ ಹಟ್ಟಿಯವಳು, ಕುರಿ ಕಾಯುವ ಮನೆಯವಳು. ಕಂಬಳಿ ಹೊದ್ದಿದ್ದಳು, ಕೈಯಲ್ಲಿ ಒಂದು ಕುಡಿಕೆ ತುಪ್ಪ. ಜನ ಚೆದುರುವ ತನಕ ಅಂಗಳದ ತುದಿಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಯಜಮಾನರು ಎದ್ದು ಒಳಕ್ಕೆ ನಡೆದರು. ಅವರ ನಡಿಗೆ ನೋಡುತ್ತಿದ್ದವಳು ತುಪ್ಪದ ಕುಡಿಕೆಯನ್ನು ನೆಲಕ್ಕೆ ಇಟ್ಟಳು.

"ಅವ್ವಾ, ಇವರಿಗೂ ಹಿಂಗೇ ಕಾಲು?"

"ಯಾಕೆ?"

"ನಮ್ಮನೆಯೋನು ಅದೇ ಗಿರಣಿಗೆ ಕಲ್ಲು ಹಾಕ್ತಿದ್ದ. ಅವ್ನೂ ಹಿಂಗೇ ನಡೀತಾನೆ, ಹಿಂಗೇ ನಗ್ತಾನೆ. ನಮ್ಮ ಹಟ್ಟಿಯೋರು ದೆವ್ವ ಹಿಡಿದೈತೆ ಅಂತ ಬೇವಿನ ಸೊಪ್ಪಾಗೆ ಹೊಡೆದ್ರು. ಆಮೇಲೆ ಕುಡೀತಾನೆ ಅಂದ್ರು. ಶರಣರ ಕೇಳಿದ್ರೆ ದೆವ್ವ ಬಿಡ್ತೈತೇನೋ ಅಂತ ಬಂದೆ." ಆಮೇಲೆ ಬಾಗಿಲ ಕಡೆ ನೋಡಿ, "ನಿಮ್ಮೋರಿಗೆ ಕಾಯಿ ತರ್ತಾರೆ, ನಮ್ಮೋನಿಗೆ ಬೇವಿನ ಬರಲು" ಅಂದಳು. ಹೊಟ್ಟೆಕಿಚ್ಚಿನಿಂದ ಅಂದದ್ದಲ್ಲ. ಕಂಡದ್ದನ್ನು ಅಂದಳು.

ನಾನು ಅವಳಿಗೆ ಮುದ್ದೆ ಇಕ್ಕಿದೆ. ಅವಳು ಉಂಡು ಕೈ ತೊಳೆದ ಮೇಲೆ, "ಸೋಮವಾರ ನಿನ್ನ ಗಂಡನ್ನ ಕರ್ಕಂಡು ಬಾರವ್ವ, ಜನ ಇರೋ ಹೊತ್ತಿಗೇ ಬಾ" ಅಂದೆ.

ಆ ಸೋಮವಾರವೇ ಮೈದುನ ಗಿರಣಿಗೆ ಸೇರುವವನು. ಅಂಗಳ ಕಿಕ್ಕಿರಿದಿತ್ತು. ಗೌಡರು, ಐನೋರು, ಶೆಟ್ಟರು, ಪಂಡಿತರು, ಹೊಸ ರುಮಾಲು ಸುತ್ತಿಕೊಂಡ ಮೈದುನ, ಬುತ್ತಿ ಕಟ್ಟಿ ಹಿಡಿದುಕೊಂಡ ಅತ್ತೆ. ಹಟ್ಟಿಯವಳು ಗಂಡನನ್ನು ಕರೆದುಕೊಂಡು ಬಂದಳು. ಮಸಿ ಕಂಬಳಿ, ಕೆದರಿದ ಕೂದಲು, ನಮ್ಮ ಯಜಮಾನರದೇ ಸಪಾಟು ಮುಖ. ನೋಡಿದವರು ಜಾಗ ಬಿಟ್ಟು ಹಿಂದಕ್ಕೆ ಸರಿದರು.

"ಲೇ, ಕುಡಿದೋನನ್ನ ಇಲ್ಲಿಗ್ಯಾಕೆ ತಂದೆ?" ಅಂದರು ಗೌಡರು.

ನಾನು ಯಜಮಾನರ ಹತ್ತಿರ ಹೋಗಿ, "ಒಂದು ಸಲ ಬಾವಿಯ ತನಕ ನಡೀರಿ" ಅಂದೆ. ಹಟ್ಟಿಯವಳಿಗೂ ಸನ್ನೆ ಮಾಡಿದೆ. ಅವಳು ಗಂಡನ ಬೆನ್ನು ಮುಟ್ಟಿದಳು.

ಇಬ್ಬರೂ ಹೊರಟರು. ಒಬ್ಬರು ಮಡಿ ಉಟ್ಟು ವಿಭೂತಿ ಇಟ್ಟವರು, ಇನ್ನೊಬ್ಬ ಕಂಬಳಿಯವನು. ಹಿಮ್ಮಡಿ ಎತ್ತಿ, ಎದೆ ಮುಂದು ಮಾಡಿ, ಒಂದೇ ಜೊತೆಯ ಎರಡು ಹುಂಜಗಳ ಹಾಗೆ. ಒಬ್ಬರ ಕೈ ನಡುಗಿದ ಹಾಗೇ ಇನ್ನೊಬ್ಬನದು. ನಡು ಅಂಗಳದಲ್ಲಿ ಯಜಮಾನರಿಗೆ ನಗು ಬಂತು. ಅದನ್ನು ಕೇಳಿ ಅವನಿಗೂ ಬಂತು. ಇಬ್ಬರೂ ಮುಖ ಅಲುಗದೆ ನಗುತ್ತ ನಡೆದರು. ಬಾವಿಯ ಹತ್ತಿರ ಸ್ವಲ್ಪ ಇಳಿಜಾರು. ಇಬ್ಬರಿಗೂ ನಿಲ್ಲಲು ಆಗಲಿಲ್ಲ. ಹಟ್ಟಿಯವಳೂ ನಾನೂ ಓಡಿಹೋಗಿ ಮುಂದೆ ನಿಂತು ಎದೆ ಕೊಟ್ಟು ಹಿಡಿದುಕೊಂಡೆವು.

ಅಲ್ಲಿಂದಲೇ ತಿರುಗಿ, "ಇವರು ಶರಣರಾದ್ರೆ ಅವರೂ ಶರಣರು, ಅವರು ಕುಡುಕರಾದ್ರೆ ಇವರೂ ಕುಡುಕರು. ಇಬ್ಬರೂ ನಿಂತದ್ದು ಒಂದೇ ಶೆಡ್ಡಿನಾಗೆ. ಇದು ರೋಗ" ಅಂದೆ. ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಕೋಳಿಯನ್ನೂ ಓಡಿಸಿರಲಿಲ್ಲ.

ಎಲ್ಲರ ಕಣ್ಣೂ ಆ ಇಬ್ಬರ ಹಿಮ್ಮಡಿಯ ಮೇಲೆ ಹೋಯಿತು. ಸರಿ, ಕಣ್ಣು ತೆರೆಯಿತು ಅಂದುಕೊಂಡೆ. ಆಗ ಐನೋರು ಎರಡೂ ಕೈ ಮೇಲೆತ್ತಿ ಮುಗಿದರು.

"ಶಿವಾ! ಕುಲ ನೋಡ್ದೆ ಒಲಿದವನೇ! ಇಬ್ಬರು ಶರಣರು!"

"ಇಬ್ಬರು ಶರಣರು!" ಅಂದಿತು ಅಂಗಳ. ಶೆಟ್ಟರು ಹೋಗಿ ಹಟ್ಟಿಯವನ ಕಾಲನ್ನು, ಸ್ವಲ್ಪ ದೂರದಿಂದಲೇ, ಮುಟ್ಟಿದ ಹಾಗೆ ಮಾಡಿದರು. ಪಂಡಿತರು ಅವನ ನಾಡಿಯ ಕಡೆಗೆ ಕೈ ಚಾಚಿದರು. ಹಟ್ಟಿಯವಳು ನನ್ನ ಮುಖ ನೋಡಿದಳು.

"ಹಂಗಾದ್ರೆ ನಾನು ಬರ್ತೀನವ್ವ, ಹೊತ್ತಾತು" ಅಂತ ಮೈದುನ ಬುತ್ತಿಗೆ ಕೈ ಚಾಚಿದ.

ಅತ್ತೆ ಬುತ್ತಿ ಕೊಡಲಿಲ್ಲ. ಅವರು ಅಂಗಳದವರ ಕಡೆ ನೋಡುತ್ತಲೇ ಇರಲಿಲ್ಲ. ಬಾವಿಯ ಹತ್ತಿರ ಇಬ್ಬರು ಹೆಂಗಸರ ಹೆಗಲ ಮೇಲೆ ಭಾರ ಬಿಟ್ಟು ನಿಂತಿದ್ದ ಆ ಇಬ್ಬರನ್ನು ನೋಡುತ್ತಿದ್ದರು. ಒಬ್ಬನನ್ನು ಅವರೇ ಹೆತ್ತದ್ದು. ಇನ್ನೊಬ್ಬನನ್ನು ಯಾರೋ ಹೆತ್ತದ್ದು. ಬುತ್ತಿಯನ್ನು ಸೊಂಟಕ್ಕೆ ಒತ್ತಿಕೊಂಡರು. ಇನ್ನೊಂದು ಕೈಯಿಂದ ಮೈದುನನ ತಲೆಯ ಹೊಸ ರುಮಾಲು ಕಿತ್ತುಕೊಂಡರು.

"ನನಗೆ ಒಬ್ಬ ಶರಣ ಸಾಕು" ಅಂದರು. "ನೀನು ಹೊಲಕ್ಕೆ ಹೋಗಿ ಕುಂಟೆ ಹೊಡಿ."

"ಅವ್ವಾ, ಜನ ನೋಡ್ತಾವ್ರೆ..."

"ನೋಡ್ಲಿ. ಐನೋರೇ, ಶರಣರಾಗೋ ಆಸೆ ಇರೋರು ಯಾರಾದ್ರೂ ನಿಮ್ಮ ಮನೇಲಿ ಇದ್ರೆ ಕಳಿಸ್ರಿ. ಜಾಗ ಖಾಲಿ ಐತೆ."

ಐನೋರ ಮಗ ದುರ್ಗದಲ್ಲಿ ಓದುತ್ತಿದ್ದ. ಐನೋರು ಆಕಾಶ ನೋಡಿದರು. ಗೌಡರು ತಮ್ಮ ಅಳಿಯನಿಗೆ ನೆಗಡಿ ಅಂದರು. ಅದುವರೆಗೆ ಆ ಜಾಗಕ್ಕೆ ಮೇಲೆಬಿದ್ದಿದ್ದ ಗಂಡಸರು ತಮ್ಮ ತಮ್ಮ ಹೆಂಡಿರ, ತಾಯಂದಿರ ಮುಖ ನೋಡಿದರು. ಆ ಮುಖಗಳಲ್ಲಿ ಏನು ಕಂಡಿತೋ, ಅಂಗಳ ಬೇಗ ಬೇಗ ಖಾಲಿಯಾಯಿತು. ರೋಗ ಅನ್ನುವ ಮಾತನ್ನು ಆವತ್ತೂ ಯಾರೂ ಒಪ್ಪಲಿಲ್ಲ, ಮುಂದೆಯೂ ಒಪ್ಪಲಿಲ್ಲ. ಒಲುಮೆ ದೊಡ್ಡದು, ಆದರೆ ನಮ್ಮ ಮನೆಗೆ ಬೇಡ ಅನ್ನುವುದು ನಮ್ಮೂರು ಕಂಡುಕೊಂಡ ದಾರಿ. ಕುಡಿಕೆಗಳು ಒಂದೊಂದಾಗಿ ತಿಪ್ಪೆ ಸೇರಿದವು. ಹಲ್ಲಿಗೆ ಮತ್ತೆ ಇದ್ದಲು ಬಂತು. ರೈಟರು ಕುಂಕುಮದ ಬೊಟ್ಟಿಗೆ ಹೂವನ್ನೂ ಇಡಿಸಿದ, ನಮ್ಮೂರಿನವರು ಬರಲಿಲ್ಲ. ಎಲ್ಲಿಂದಲೋ ದೂರದವರನ್ನು ರೈಲಿನಲ್ಲಿ ಕರೆಸಿಕೊಂಡರು ಅಂತ ಕೇಳಿದೆ. ಅವರ ಊರಲ್ಲಿ ಅವರಿಗೆ ಏನಂದರೋ ನನಗೆ ತಿಳಿಯದು.

ಹಟ್ಟಿಯವನನ್ನು ಅವನ ಹೆಂಡತಿ ಮತ್ತೆ ಕುರಿಯ ಹಿಂದೆ ಕಳಿಸಿದಳು. ಇಳಿಜಾರು ಬಂದರೆ ಕುರಿಗಳ ನಡುವೆ ಹೋಗಿ ನಿಲ್ಲುತ್ತಾನೆ, ಕುರಿಗಳೇ ತಡೆಯುತ್ತವೆ ಅಂತ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ದೆವ್ವ ಬಿಡಿಸುವವರು ಬರುವುದು ನಿಂತಿತ್ತಂತೆ. ಶರಣನಿಗೆ ಬೇವಿನ ಬರಲಲ್ಲಿ ಹೊಡೆಯುವುದು ಹೇಗೆ?

ನಮ್ಮ ಯಜಮಾನರ ಕೈ ಇನ್ನಷ್ಟು ಕೆಡಲಿಲ್ಲ, ಸರಿಹೋಗಲೂ ಇಲ್ಲ. ಬೆಳಿಗ್ಗೆ ಪೂಜೆಗೆ ಕೂತಾಗ ಅವರ ಅಂಗೈಯ ಕೆಳಗೆ ನನ್ನ ಅಂಗೈ ಇಡುತ್ತೇನೆ. ಎರಡು ಕೈ ಸೇರಿದರೆ ನಡುಕ ಅರ್ಧ ಆಗುತ್ತದೆ. ಬಿಲ್ವಪತ್ರೆ ಈಗಲೂ ಒಮ್ಮೊಮ್ಮೆ ಜಾರುತ್ತದೆ. ಲಿಂಗ ಜಾರಿಲ್ಲ. ಇದು ಶಾಸ್ತ್ರದಲ್ಲಿ ಉಂಟೋ ಇಲ್ಲವೋ ಅಂತ ಐನೋರು ಒಮ್ಮೆ ಕೇಳಿದರು. ಅತ್ತೆ ಬದುಕಿದ್ದ ಕಾಲ ಅದು, ಅವರ ನಾಲಗೆಯೇ ಉತ್ತರ ಕೊಟ್ಟಿತು. ಆಮೇಲೆ ಐನೋರು ಮತ್ತೆ ಕೇಳಲಿಲ್ಲ.

ಊರಿನವರು ಈಗ ಆಡಿಕೊಳ್ಳುವುದು ನನ್ನನ್ನು. ನಮ್ಮ ಕಡೆ ಹೆಂಡತಿ ಗಂಡನ ಹಿಂದೆ ನಾಲ್ಕು ಮಾರು ಬಿಟ್ಟು ನಡೆಯಬೇಕು. ನಾನು ಮುಂದೆ ನಡೆಯುತ್ತೇನೆ. ಕೆರೆಯ ಏರಿ ಇಳಿಯುವಾಗ ಅವರು ನಿಲ್ಲಲಾಗದೆ ಓಡಿಬಂದು ನನ್ನ ಬೆನ್ನಿಗೆ ಬಡಿಯುತ್ತಾರೆ. ನಾನು ಕಾಲು ಗಟ್ಟಿ ಊರಿ ನಿಲ್ಲುತ್ತೇನೆ. "ಗಂಡನ್ನ ಹಿಂದೆ ಹಾಕ್ಕಂಡು ಹೋಗ್ತಾಳೆ ನೋಡ್ರೀ" ಅಂತ ಕಟ್ಟೆಯ ಮೇಲಿನವರು ನಗುತ್ತಾರೆ. ಯಜಮಾನರಿಗೂ ಒಮ್ಮೊಮ್ಮೆ ಅದೇ ಹೊತ್ತಿಗೆ ನಗು ಬರುತ್ತದೆ. ನಗಲಿ. ಕೆರೆಯಲ್ಲಿ ಬಟ್ಟೆ ಹಿಂಡಿದರೆ ಈಗ ನೀರು ಬೆಳ್ಳಗೇ ಹೋಗುತ್ತದೆ. ಎಮ್ಮೆ ಬಂದು ನನ್ನ ಪಕ್ಕದಲ್ಲೇ ಮಲಗುತ್ತದೆ.